ಪಾಠ ಹೇಳೋಕೆ ಹೋಗಿ ನಾವು ಕಲಿತಿದ್ದು

"ಸಾರ್, ಮೈನಸ್ ಇಂಟು ಮೈನಸ್ ಯಾಕೆ ಪ್ಲಸ್ ಆಗುತ್ತೆ?"

ಕೇಳಿದ್ದು ಹತ್ತನೇ ಕ್ಲಾಸಿನ ಹುಡುಗಿ. ಕೇಳಿದ್ದು ನಮ್ಮಿಬ್ಬರನ್ನ. ಆಗ ತಾನೇ ಎರಡು ಸೆಮಿಸ್ಟರ್ ಮ್ಯಾಥ್ಸ್ ಮುಗಿಸಿದ್ವಿ. ಮ್ಯಾಟ್ರಿಕ್ಸ್, ಡಿಫರೆನ್ಷಿಯಲ್ ಇಕ್ವೇಷನ್, ವೆಕ್ಟರ್ ಕ್ಯಾಲ್ಕುಲಸ್ ಎಲ್ಲಾ ಆಗಿತ್ತು. ಒಂದೊಂದು ಲೆಕ್ಕದಲ್ಲಿ ಹತ್ತು ಸಲ ಮೈನಸ್ ಇಂಟು ಮೈನಸ್ ಪ್ಲಸ್ ಮಾಡಿದವರು ನಾವು. ಆದ್ರೆ ಯಾಕೆ ಅಂತ ಯಾರೂ ನಮ್ಮನ್ನ ಕೇಳಿರಲಿಲ್ಲ, ನಾವೂ ಯಾರನ್ನೂ ಕೇಳಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು "ಅದು ರೂಲ್, ಹಾಗೇ ನೆನಪಿಟ್ಕೋ" ಅಂದ್ವಿ.

ಅವಳು ಕೂತು ನೋಟ್ಸಲ್ಲಿ ಬರ್ಕೊಂಡಳು. ಬೇಜಾರೇನೂ ಮಾಡ್ಕೊಳ್ಳಲಿಲ್ಲ. ಆಮೇಲೆ ನಮ್ಮನ್ನ ಕಾಡಿದ್ದು ಅದೇ. ಅಂಥ ಉತ್ತರ ಕೇಳಿ ಕೇಳಿ ಅವಳಿಗೆ ಅಭ್ಯಾಸ ಆಗಿಹೋಗಿತ್ತು.

ಇದು ನಡೆದದ್ದು ಹೊಸದುರ್ಗದಲ್ಲಿ, ಕಳೆದ ರಜೆಯಲ್ಲಿ. ನಾವಿಬ್ಬರೂ ಅದೇ ಊರಿನವರು. ಒಬ್ಬರು ಇಸಿ, ಇನ್ನೊಬ್ಬರು ಸಿಎಸ್. ಸೆಮ್ ಮುಗಿದ ಮೇಲೆ ಮನೆಯಲ್ಲಿ ಸುಮ್ನೆ ಕೂತು ರೀಲ್ಸ್ ನೋಡೋ ಬದಲು ಏನಾದ್ರೂ ಮಾಡೋಣ ಅಂತ ಒಂದು ಸಣ್ಣ ಟ್ಯೂಷನ್ ಕಂಪನಿಗೆ ಸೇರಿದ್ವಿ. ಕಂಪನಿ ಅಂದ್ರೆ ಬೋರ್ಡಲ್ಲಿ ಕಂಪನಿ. ಒಳಗೆ ಮೊದಲನೇ ಮಹಡಿಯಲ್ಲಿ ಎರಡು ರೂಮು, ಮಾಲೀಕರು, ಲೆಕ್ಕ ಮತ್ತು ಫೋನು ನೋಡ್ಕೊಳ್ಳೋ ಒಬ್ಬರು ಅಕ್ಕ, ಮತ್ತೆ ನಾವು. ಕೆಳಗಡೆ ಗೊಬ್ಬರದ ಅಂಗಡಿ. ನಿಜ ಹೇಳಬೇಕಂದ್ರೆ ನಮಗೆ ಇದ್ದ ಉದ್ದೇಶ ಎರಡು: ಕೈಖರ್ಚಿಗೆ ದುಡ್ಡು, ರೆಸ್ಯೂಮಲ್ಲಿ ಒಂದು ಲೈನು. "ಹತ್ತನೇ ಕ್ಲಾಸ್ ತಾನೇ, ನಮಗೆ ಬರಲ್ವಾ" ಅನ್ನೋ ಧೈರ್ಯ ಬೇರೆ. ಈ ಲೇಖನ ಆ ಧೈರ್ಯ ಹೇಗೆ ಇಳಿದುಹೋಯ್ತು, ಅದರ ಜಾಗಕ್ಕೆ ಏನು ಬಂತು ಅನ್ನೋದರ ಬಗ್ಗೆ. ರಜೆಯಲ್ಲಿ ಟ್ಯೂಟರ್ ಆಗೋಣ ಅಂತ ನಿಮ್ಮಲ್ಲಿ ಯಾರಾದ್ರೂ ಯೋಚಿಸ್ತಿದ್ರೆ ಓದಿ.

ಮೊದಲು ಭಾಷೆ ವಿಷಯ. ನಾವಿಬ್ಬರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ, ಲೆಕ್ಕಕ್ಕೆ ಇಂಗ್ಲಿಷ್. ಅಲ್ಲಿ ಬರ್ತಿದ್ದ ಮಕ್ಕಳಲ್ಲಿ ಮುಕ್ಕಾಲು ಪಾಲು ಕನ್ನಡ ಮೀಡಿಯಂ. ಮೊದಲ ದಿನ ಬೋರ್ಡ್ ಮುಂದೆ ನಿಂತಾಗ ಬಾಯಿಂದ ಕನ್ನಡ ಬಂತು, ಆದ್ರೆ ಅದರಲ್ಲಿ ವಿಷಯ ಇರಲಿಲ್ಲ. "ಈ ಇಕ್ವೇಷನ್ನ ರೂಟ್ಸ್ ಫೈಂಡ್ ಮಾಡಿ, ಡಿಸ್ಕ್ರಿಮಿನೆಂಟ್ ನೆಗೆಟಿವ್ ಬಂದ್ರೆ ರಿಯಲ್ ರೂಟ್ಸ್ ಇರಲ್ಲ" ಅಂತ ಹೇಳಿದ್ವಿ. ಇದರಲ್ಲಿ ಕನ್ನಡ ಅಂದ್ರೆ 'ಈ', 'ಮಾಡಿ', 'ಬಂದ್ರೆ', 'ಇರಲ್ಲ' ಅಷ್ಟೇ. ಸಾಣೇಹಳ್ಳಿಯ ನಾಟಕಗಳನ್ನ ನೋಡಿ ಬೆಳೆದ ತಾಲ್ಲೂಕಿನವರು ನಾವು. ಶಿವಸಂಚಾರದ ಕಲಾವಿದರು ಎರಡು ಗಂಟೆ ಕನ್ನಡ ಮಾತಾಡಿ ಸಾವಿರ ಜನರನ್ನ ಹಿಡಿದು ಕೂರಿಸ್ತಾರೆ. ನಮಗೆ ಹದಿನಾಲ್ಕು ಮಕ್ಕಳನ್ನ ಹತ್ತು ನಿಮಿಷ ಕೂರಿಸೋಕೆ ಆಗಲಿಲ್ಲ.

ಆವತ್ತು ರಾತ್ರಿ ಅವರ ಪಠ್ಯಪುಸ್ತಕ ಮನೆಗೆ ತಗೊಂಡು ಹೋದ್ವಿ. ವರ್ಗಸಮೀಕರಣ. ಮೂಲಗಳು. ಶೋಧಕ. ವಿಭವಾಂತರ. ರೋಧ. ಮೊದಲು ನಗು ಬಂತು, ಯಾವುದೋ ಪುರಾಣದ ಹೆಸರುಗಳ ಥರ. ಎರಡನೇ ಸಲ ಓದಿದಾಗ ನಗು ನಿಂತುಹೋಯ್ತು. 'ಕ್ವಾಡ್ರಾಟಿಕ್' ಅನ್ನೋ ಪದ ನಾವು ಒಂಬತ್ತನೇ ಕ್ಲಾಸಿಂದ ಕೇಳ್ತಾ ಇದ್ದೀವಿ. ಕ್ವಾಡ್ ಅಂದ್ರೆ ನಾಲ್ಕು, ಆದ್ರೆ ಈ ಸಮೀಕರಣದ ಡಿಗ್ರಿ ಎರಡು. ಹೀಗ್ಯಾಕೆ ಅಂತ ಒಂದು ಸಣ್ಣ ಅನುಮಾನ ಯಾವಾಗಲೂ ಇತ್ತು, ಕೇಳೋಕೆ ನಾಚಿಕೆ. ಕನ್ನಡ ಪುಸ್ತಕ ಹೆಸರಲ್ಲೇ ಹೇಳಿಬಿಟ್ಟಿತ್ತು: ವರ್ಗ. ಲ್ಯಾಟಿನ್ನಿನಲ್ಲಿ 'ಕ್ವಾಡ್ರಾಟುಸ್' ಅಂದ್ರೆ ಚೌಕ, ನಾಲ್ಕು ಬಾಹು ಇರೋದಕ್ಕೆ ಆ ಹೆಸರು. ಎಕ್ಸ್ ಸ್ಕ್ವೇರ್ ಇರೋದ್ರಿಂದ ಕ್ವಾಡ್ರಾಟಿಕ್. ಹಾಗೇ 'ಪೊಟೆನ್ಷಿಯಲ್ ಡಿಫರೆನ್ಸ್' ಅಂತ ನೂರು ಸಲ ಹೇಳಿದ್ರೂ ತಲೆಯಲ್ಲಿ 'ವೋಲ್ಟೇಜ್' ಅನ್ನೋ ಒಂದು ನಂಬರ್ ಮಾತ್ರ ಇತ್ತು. ವಿಭವ, ಅಂತರ ಅಂತ ಬಿಡಿಸಿ ಓದಿದಾಗ ಅದು ಎರಡು ಜಾಗಗಳ ನಡುವಿನ ವ್ಯತ್ಯಾಸ, ಒಂದೇ ಜಾಗಕ್ಕೆ ವೋಲ್ಟೇಜ್ ಹೇಳೋಕೆ ಹೋದ್ರೆ ಇನ್ನೊಂದು ಜಾಗ ಯಾವುದು ಅಂತ ಕೇಳಲೇಬೇಕು ಅನ್ನೋದು ಕಣ್ಣಿಗೆ ಬಿತ್ತು. ಲ್ಯಾಬಲ್ಲಿ ಮಲ್ಟಿಮೀಟರಿನ ಕಪ್ಪು ವಯರ್ ಎಲ್ಲಿಡಬೇಕು ಅಂತ ಪ್ರತಿ ಸಲ ಪಕ್ಕದವರನ್ನ ಕೇಳ್ತಿದ್ದವರು ನಾವು, ಅದಕ್ಕೇ ಹೇಳ್ತಿದ್ದೀವಿ.

ಕನ್ನಡ ಪದ ಇದ್ದ ತಕ್ಷಣ ಎಲ್ಲಾ ಅರ್ಥ ಆಗಿಬಿಡುತ್ತೆ ಅಂತಲ್ಲ. 'ಶೋಧಕ' ಅನ್ನೋದು ಮಕ್ಕಳಿಗೂ 'ಡಿಸ್ಕ್ರಿಮಿನೆಂಟ್' ಅಷ್ಟೇ ದೂರದ ಪದ, ಕಂಠಪಾಠದ ಪದ. ಆದ್ರೆ ಎರಡು ಭಾಷೆಯ ಎರಡು ಹೆಸರು ಪಕ್ಕಪಕ್ಕ ಇಟ್ಟಾಗ, ಹೆಸರು ಬೇರೆ ವಸ್ತು ಬೇರೆ ಅನ್ನೋದು ಗೊತ್ತಾಗುತ್ತೆ. ನಾವು ಅಲ್ಲಿಯವರೆಗೆ ಹೆಸರನ್ನೇ ವಸ್ತು ಅಂದ್ಕೊಂಡಿದ್ವಿ.

ಮೈನಸ್ ಪ್ರಶ್ನೆಗೂ ಉತ್ತರ ಅದೇ ಪುಸ್ತಕದಲ್ಲಿ ಒಂದು ಪದದೊಳಗೆ ಇತ್ತು. ಕನ್ನಡದಲ್ಲಿ ಪಾಸಿಟಿವ್, ನೆಗೆಟಿವ್ ಸಂಖ್ಯೆಗಳಿಗೆ ಧನ, ಋಣ ಅಂತಾರೆ. ಧನ ಅಂದ್ರೆ ದುಡ್ಡು, ಋಣ ಅಂದ್ರೆ ಸಾಲ. ಬ್ರಹ್ಮಗುಪ್ತ 628ರಲ್ಲಿ ಬರೆದ 'ಬ್ರಾಹ್ಮಸ್ಫುಟ ಸಿದ್ಧಾಂತ'ದಲ್ಲಿ ಈ ಎರಡು ಪದಗಳಿಂದಲೇ ಕೂಡೋ, ಕಳೆಯೋ, ಗುಣಿಸೋ ನಿಯಮಗಳನ್ನ ಹೇಳಿದ್ದಾನೆ. ಋಣವನ್ನ ಋಣದಿಂದ ಗುಣಿಸಿದ್ರೆ ಧನ ಅನ್ನೋದೂ ಅಲ್ಲಿದೆ. ಮಾರನೇ ದಿನ ಕ್ಲಾಸಲ್ಲಿ ಹೀಗೆ ಹೇಳಿದ್ವಿ. ನಿಮ್ಮಪ್ಪ ಕೊಬ್ಬರಿ ಮಂಡಿಯಲ್ಲಿ ತಲಾ 200 ರೂಪಾಯಿಯ ಮೂರು ಸಾಲದ ಚೀಟಿ ಬರೆದುಕೊಟ್ಟಿದ್ದಾರೆ. ಮಂಡಿಯವರು ಖುಷಿಯಾಗಿ ಆ ಮೂರೂ ಚೀಟಿ ಹರಿದುಹಾಕಿದ್ರು. ನಿಮ್ಮ ಮನೆ ಲೆಕ್ಕದಲ್ಲಿ ಏನಾಯ್ತು? "600 ರೂಪಾಯಿ ಉಳೀತು ಸಾರ್." ಮೂರು ಚೀಟಿ ತೆಗೆದದ್ದು ಮೈನಸ್ 3. ಪ್ರತಿ ಚೀಟಿ ಮೈನಸ್ 200. ಗುಣಿಸಿದ್ರೆ ಪ್ಲಸ್ 600.

ಪ್ರಶ್ನೆ ಕೇಳಿದ್ದ ಹುಡುಗಿಗೆ ಇದು ಸಾಕಾಗಲಿಲ್ಲ. "ಮಂಡಿಯವರು ಯಾಕೆ ಹರಿದುಹಾಕ್ತಾರೆ ಸಾರ್?" ಅಂದಳು. ಎಲ್ಲರೂ ನಕ್ಕರು. ಆದ್ರೆ ಅವಳ ಅನುಮಾನ ಸರಿಯಾಗಿತ್ತು: ಇದು ಕಥೆ, ಕಾರಣ ಅಲ್ಲ. ಹಾಗಾಗಿ ಇನ್ನೊಂದು ದಾರಿ. ಬೋರ್ಡಲ್ಲಿ ಬರೀತಾ ಹೋಗಿ: 3 × (−2) = −6. 2 × (−2) = −4. 1 × (−2) = −2. 0 × (−2) = 0. ಎಡಗಡೆ ಒಂದೊಂದೇ ಕಡಿಮೆ ಆಗ್ತಿದ್ರೆ ಬಲಗಡೆ ಎರಡೆರಡು ಜಾಸ್ತಿ ಆಗ್ತಿದೆ. ಮುಂದಿನ ಸಾಲು ಏನು? ಅವಳೇ ಎದ್ದು ಬಂದು −1 × (−2) ಮುಂದೆ 2 ಅಂತ ಬರೆದಳು. ಈ ಕ್ರಮ ಮುರಿಯಬಾರದು ಅಂದ್ರೆ ಉತ್ತರ ಪ್ಲಸ್ ಆಗಲೇಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡಿಸ್ಟ್ರಿಬ್ಯೂಟಿವ್ ನಿಯಮ ಉಳೀಬೇಕು ಅಂದ್ರೆ ಬೇರೆ ದಾರಿಯೇ ಇಲ್ಲ. −1 ಅನ್ನ (1 + −1)ರಿಂದ ಗುಣಿಸಿ ನೋಡಿ, ಒಂದೇ ಲೈನಲ್ಲಿ ಬರುತ್ತೆ. ಹನ್ನೊಂದು ವರ್ಷ ಉಪಯೋಗಿಸಿದ ನಿಯಮಕ್ಕೆ ಕಾರಣ ಗೊತ್ತಾಗೋಕೆ ನಮಗೆ ಹತ್ತನೇ ಕ್ಲಾಸಿನ ಟ್ಯೂಟರ್ ಆಗಬೇಕಾಯ್ತು.

ಇದು ನಮ್ಮೊಬ್ಬರ ಕಥೆ ಅಲ್ಲ ಅಂತ ಆಮೇಲೆ ಓದಿ ತಿಳ್ಕೊಂಡ್ವಿ. ಗೊತ್ತಿದೆ ಅನ್ನಿಸೋದಕ್ಕೂ ವಿವರಿಸೋಕೆ ಆಗೋದಕ್ಕೂ ನಡುವೆ ಇರೋ ಈ ಹಳ್ಳದ ಬಗ್ಗೆ ಯೇಲ್ ವಿಶ್ವವಿದ್ಯಾಲಯದ ರೋಸನ್‌ಬ್ಲಿಟ್ ಮತ್ತು ಕೀಲ್ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಜಿಪ್, ಬೀಗ, ಫ್ಲಶ್ ಇವೆಲ್ಲ ಹೇಗೆ ಕೆಲಸ ಮಾಡುತ್ತೆ ಅಂತ ನಿಮಗೆ ಎಷ್ಟು ಗೊತ್ತು, ಅಂಕ ಕೊಟ್ಕೊಳ್ಳಿ ಅಂದ್ರು. ಜನ ಧಾರಾಳವಾಗಿ ಕೊಟ್ಕೊಂಡ್ರು. ಆಮೇಲೆ, ಸರಿ, ಹಂತ ಹಂತವಾಗಿ ಬರೆದು ವಿವರಿಸಿ ಅಂದ್ರು. ವಿವರಿಸಿದ ಮೇಲೆ ಮತ್ತೆ ಅಂಕ ಕೇಳಿದಾಗ ಸರಾಸರಿ ಅಂಕ ಇಳೀತು. ಯಾರೂ ಬೈದಿರಲಿಲ್ಲ, ಯಾರೂ ತಪ್ಪು ತೋರಿಸಿರಲಿಲ್ಲ. ವಿವರಿಸೋಕೆ ಕೂತಿದ್ದೇ ಸಾಕಾಯ್ತು. ಇಂಟರ್ನಲ್ಸ್ ಹಿಂದಿನ ರಾತ್ರಿ ಪಿಪಿಟಿ ತಿರುವಿಹಾಕಿ "ಎಲ್ಲಾ ಗೊತ್ತು ಮಗಾ" ಅನ್ನೋ ನಮ್ಮ ಹಾಸ್ಟೆಲ್ ಕಾನ್ಫಿಡೆನ್ಸ್ ಇದೇ ಜಾತಿಯದು.

ಈಗ ಮೋಟಾರ್ ಕಥೆಗೆ ಬರೋಣ. ಹೇಳೋಕೆ ಸ್ವಲ್ಪ ನಾಚಿಕೆ ಆಗುತ್ತೆ.

ಮೂರನೇ ವಾರ. ಓಮ್ ನಿಯಮ ನಡೀತಿತ್ತು. ಇದು ನಮ್ಮ ಏರಿಯಾ ಅಂತ ಭಾರಿ ಹುರುಪಲ್ಲಿದ್ವಿ. ವಿಭವಾಂತರ ಜಾಸ್ತಿ ಆದ್ರೆ ವಿದ್ಯುತ್ ಪ್ರವಾಹ ಜಾಸ್ತಿ, ಕಮ್ಮಿ ಆದ್ರೆ ಕಮ್ಮಿ. ಶ್ರೀರಾಂಪುರ ಕಡೆಯಿಂದ ಬಸ್ಸಲ್ಲಿ ಬರ್ತಿದ್ದ ಒಬ್ಬ ಹುಡುಗ ಇದ್ದ. ಕೊನೇ ಬೆಂಚು, ಮ್ಯಾಥ್ಸಲ್ಲಿ ಡಲ್ ಅಂತ ನಾವೇ ಮನಸ್ಸಲ್ಲಿ ಲೇಬಲ್ ಹಚ್ಚಿದ್ವಿ. ಅವನು ಕೈ ಎತ್ತಿದ.

"ಸಾರ್, ನಮ್ ತೋಟದಲ್ಲಿ ವೋಲ್ಟೇಜ್ ಕಮ್ಮಿ ಬಂದಾಗ ಮೋಟಾರ್ ಸುಟ್ಟೋಗುತ್ತೆ. ಮನೇಲಿ ಬಲ್ಬು ಡಿಮ್ ಆಗುತ್ತೆ. ಬಲ್ಬಿಗೆ ಕರೆಂಟ್ ಕಮ್ಮಿ ಹೋಗುತ್ತೆ, ಸರಿ. ಮೋಟಾರಿಗೂ ಕಮ್ಮಿನೇ ಹೋಗ್ಬೇಕಲ್ವಾ? ಕಮ್ಮಿ ಹೋದ್ರೆ ಯಾಕೆ ಸುಡುತ್ತೆ?"

ಇಂಥ ಪ್ರಶ್ನೆ ನಮ್ಮ ಬೇಸಿಕ್ ಎಲೆಕ್ಟ್ರಿಕಲ್ ಪೇಪರಲ್ಲಿ ಬಂದಿದ್ರೆ ಕ್ಲಾಸಲ್ಲಿ ಅರ್ಧ ಜನ ಫೇಲು. ನಾವು ಏನು ಮಾಡಬೇಕಿತ್ತು? ಗೊತ್ತಿಲ್ಲ, ನಾಳೆ ಹೇಳ್ತೀವಿ ಅನ್ನಬೇಕಿತ್ತು. ಅನ್ನಲಿಲ್ಲ. ಇಂಜಿನಿಯರಿಂಗ್ ಓದೋರು, ಹತ್ತನೇ ಕ್ಲಾಸಿನವನ ಮುಂದೆ ಗೊತ್ತಿಲ್ಲ ಅನ್ನೋದಾ? "ವೋಲ್ಟೇಜ್ ಕಮ್ಮಿ ಆದ್ರೆ ಕರೆಂಟ್ ಕಮ್ಮಿನೇ. ಅದಕ್ಕೆ ಸುಡಲ್ಲ. ಬೇರೆ ಏನೋ ಕಾರಣ ಇರುತ್ತೆ, ವೈರಿಂಗ್ ಚೆಕ್ ಮಾಡ್ಸಿ" ಅಂದ್ವಿ. ಅವನು ಕೂತ.

ಎರಡು ದಿನ ಬಿಟ್ಟು ಅವನ ಅಪ್ಪ ಫೀಸ್ ಕಟ್ಟೋಕೆ ಬಂದ್ರು. ಜಗಳ ಏನೂ ಮಾಡಲಿಲ್ಲ. ಹೋಗುವಾಗ ನಮ್ಮ ಕಡೆ ನೋಡಿ, "ಹೋದ ಬೇಸಿಗೇಲಿ ಎರಡು ಸಲ ರಿವೈಂಡಿಂಗ್ ಮಾಡ್ಸಿದೀನಪ್ಪ. ಲೋ ವೋಲ್ಟೇಜಿಗೆ ಮೋಟಾರ್ ಸುಡಲ್ಲ ಅಂತ ನಮ್ ಹುಡ್ಗ ಬಂದು ಹೇಳ್ದ. ಹಂಗೇ ಓಡ್ಸೋಣ ಬಿಡಪ್ಪ ಅಂತಾನೆ" ಅಂದ್ರು. ಅಷ್ಟೇ. ಆ ಕಡೆ ನೀರು ಎಷ್ಟು ಆಳಕ್ಕೆ ಇಳಿದಿದೆ, ಆ ಬೋರ್‌ವೆಲ್ಲಿಂದ ಮೋಟಾರ್ ಎತ್ತಿ, ಕಟ್ಟಿಸಿ, ಮತ್ತೆ ಇಳಿಸೋಕೆ ಎಷ್ಟು ಖರ್ಚು, ಅಷ್ಟು ದಿನ ಅಡಿಕೆ ಗಿಡ ಒಣಗಿದ್ರೆ ಏನು ಗತಿ ಅನ್ನೋದು ಆ ಊರಲ್ಲಿ ಹುಟ್ಟಿದ ನಮಗೂ ಗೊತ್ತಿತ್ತು. ಹುಡುಗ ನಮ್ಮ ಮಾತು ನಂಬಿದ್ದ. ಅವರಪ್ಪ ನಂಬಿದ್ದಿದ್ರೆ?

ಸಂಜೆ ಟೌನಲ್ಲಿ ಒಂದು ರಿವೈಂಡಿಂಗ್ ಅಂಗಡಿಗೆ ಹೋದ್ವಿ. ಸುಟ್ಟ ವಾರ್ನಿಷ್ ವಾಸನೆ, ನೆಲದ ತುಂಬ ತಾಮ್ರದ ತಂತಿ. ಮೆಕ್ಯಾನಿಕ್ ಒಂದು ಸ್ಟೇಟರ್ ತಿರುಗಿಸಿ ತೋರಿಸಿದ್ರು. ಕಾಯಿಲ್ ಪೂರ್ತಿ ಇದ್ದಲಿನ ಥರ ಕಪ್ಪು. "ಒಂದು ಕಡೆ ಮಾತ್ರ ಕಪ್ಪಾಗಿದ್ರೆ ಫೇಸ್ ಹೋಗಿರುತ್ತೆ. ಎಲ್ಲಾ ಕಡೆ ಒಂದೇ ಥರ ಸುಟ್ಟಿದ್ರೆ ಓವರ್‌ಲೋಡು, ಇಲ್ಲಾ ಲೋ ವೋಲ್ಟೇಜು" ಅಂದ್ರು. ಯಾಕೆ ಅಂದ್ರೆ, "ಎತ್ತಿಗೆ ಮೇವು ಕಮ್ಮಿ ಹಾಕಿ ಗಾಡಿ ಲೋಡ್ ಅಷ್ಟೇ ಇಟ್ರೆ ಎತ್ತು ಬೀಳಲ್ವಾ?" ಒಳ್ಳೇ ಹೋಲಿಕೆ, ಆದ್ರೆ ಕರೆಂಟ್ ಜಾಸ್ತಿ ಯಾಕೆ ಆಗುತ್ತೆ ಅನ್ನೋದು ಅದರಲ್ಲಿ ಬರಲ್ಲ. ಮನೆಗೆ ಬಂದು ಮೊದಲ ವರ್ಷದ ಪುಸ್ತಕ ತೆಗೆದ್ವಿ. ಇಂಡಕ್ಷನ್ ಮೋಟಾರ್, ಐದನೇ ಮಾಡ್ಯೂಲೋ ಏನೋ, ಸ್ಲಿಪ್ ಫಾರ್ಮುಲಾ ಕಂಠಪಾಠ ಮಾಡಿ ಹತ್ತು ಮಾರ್ಕ್ಸ್ ತಗೊಂಡಿದ್ದ ಚಾಪ್ಟರ್.

ಉತ್ತರ ಅಲ್ಲೇ ಇತ್ತು. ಬಲ್ಬು ಒಂದು ರೋಧ. ಅದಕ್ಕೆ ಇಷ್ಟೇ ಕೆಲಸ ಮಾಡಬೇಕು ಅಂತ ಯಾರೂ ಹೇಳಿಲ್ಲ. ವೋಲ್ಟೇಜ್ ಕಮ್ಮಿ ಬಂದ್ರೆ ಕಮ್ಮಿ ಉರಿದು ಸುಮ್ಮನಾಗುತ್ತೆ. ಮೋಟಾರಿನ ತಲೆ ಮೇಲೆ ನೀರಿನ ಕಂಬ ಇದೆ. ವೋಲ್ಟೇಜ್ ಕಮ್ಮಿ ಆಯ್ತು ಅಂತ ನೀರಿನ ತೂಕ ಕಮ್ಮಿ ಆಗಲ್ಲ. ಇಂಡಕ್ಷನ್ ಮೋಟಾರಿನ ಟಾರ್ಕ್ ವೋಲ್ಟೇಜಿನ ವರ್ಗದ ಅನುಪಾತದಲ್ಲಿ ಇಳಿಯುತ್ತೆ. 415 ವೋಲ್ಟ್ ಬರಬೇಕಾದ ಕಡೆ 332 ಬಂದ್ರೆ, ಅಂದ್ರೆ 80%, ಅದೇ ಸ್ಲಿಪ್ಪಿಗೆ ಸಿಗೋ ಟಾರ್ಕ್ 64% ಮಾತ್ರ. ಎಳೆಯೋಕಾಗದೆ ರೋಟರ್ ನಿಧಾನ ಆಗುತ್ತೆ. ತಿರುಗೋ ಕಾಂತಕ್ಷೇತ್ರಕ್ಕೂ ರೋಟರಿಗೂ ವೇಗದ ಅಂತರ ಹೆಚ್ಚುತ್ತೆ. ಅಂತರ ಹೆಚ್ಚಿದಷ್ಟೂ ರೋಟರಲ್ಲಿ ಹುಟ್ಟೋ ಕರೆಂಟ್ ಹೆಚ್ಚು, ಅದಕ್ಕೆ ತಕ್ಕ ಹಾಗೆ ಲೈನಿಂದ ಎಳೆಯೋ ಕರೆಂಟೂ ಹೆಚ್ಚು. ಮಾಡೋ ಕೆಲಸ ಅಷ್ಟೇ ಇದೆ ಅಂತ ಹಿಡಿದು ಒರಟು ಲೆಕ್ಕ ಹಾಕಿದ್ರೆ, 80% ವೋಲ್ಟೇಜಿಗೆ 125% ಕರೆಂಟ್. ಕಾಯಿಲ್ ಬಿಸಿಯಾಗೋದು ಕರೆಂಟಿನ ವರ್ಗಕ್ಕೆ ತಕ್ಕಂತೆ, 1.25ರ ವರ್ಗ 1.56. ಒಂದೂವರೆ ಪಟ್ಟಿಗಿಂತ ಜಾಸ್ತಿ ಬಿಸಿ. ಇನ್ಸುಲೇಷನ್ ಪ್ರತಿ 10 ಡಿಗ್ರಿ ಹೆಚ್ಚುವರಿ ಬಿಸಿಗೆ ಅರ್ಧ ಆಯಸ್ಸು ಕಳ್ಕೊಳ್ಳುತ್ತೆ ಅಂತ ಇಂಜಿನಿಯರ್‌ಗಳು ಅಂದಾಜಿಗೆ ಬಳಸೋ ಮಾತಿದೆ. ಹುಡುಗ ನೋಡಿದ್ದು ಸರಿ, ಅವರಪ್ಪ ಕಟ್ಟಿದ ಬಿಲ್ಲೂ ಸರಿ. ಓಮ್ ನಿಯಮವನ್ನ ಅದು ಸಲ್ಲದ ಜಾಗಕ್ಕೆ ಎಳ್ಕೊಂಡು ಹೋಗಿದ್ದು ನಾವು.

ಮಾರನೇ ದಿನ ಕ್ಲಾಸಲ್ಲಿ ನಿಂತು "ಮೊನ್ನೆ ನಾವು ಹೇಳಿದ್ದು ತಪ್ಪು" ಅಂತ ಶುರು ಮಾಡಿದ್ವಿ. ಮರ್ಯಾದೆ ಹೋಗುತ್ತೆ ಅಂದ್ಕೊಂಡಿದ್ವಿ. ಹೋಗಲಿಲ್ಲ. ಆಗಿದ್ದೇ ಬೇರೆ: ಮುಂದಿನ ವಾರದಿಂದ ಪ್ರಶ್ನೆಗಳು ಜಾಸ್ತಿ ಆದ್ವು. ಸಾರ್‌ಗಳಿಗೂ ಗೊತ್ತಿರಲ್ಲ ಅಂದ್ಮೇಲೆ ನಾವು ಕೇಳಬಹುದು ಅಂತ ಅನ್ನಿಸಿರಬೇಕು. ಗುಡ್ಡದ ಮೇಲಿನ ಗಾಳಿಯಂತ್ರ ದಿನಾ ತಿರುಗುತ್ತಲ್ಲ, ಆ ಕರೆಂಟ್ ನಮ್ಮ ತೋಟಕ್ಕೆ ಯಾಕೆ ನೇರ ಕೊಡಲ್ಲ? ಪೇಪರಲ್ಲಿ ಬರೋ ಟಿಎಂಸಿ ಅಂದ್ರೆ ಏನು? ಟಿಎಂಸಿ ಪ್ರಶ್ನೆ ಬಂದಿದ್ದು ಘನಫಲದ ಪಾಠದಲ್ಲಿ. ಪುಸ್ತಕದ ಶಂಕು, ಗೋಳ ಬಿಟ್ಟು ಆವತ್ತು ವಾಣಿವಿಲಾಸ ಸಾಗರದ ಲೆಕ್ಕ ಮಾಡಿದ್ವಿ. ಅದರ ಹಿನ್ನೀರು ನಮ್ಮ ತಾಲ್ಲೂಕಿಗೂ ಬರುತ್ತೆ. 1933 ಆದ ಮೇಲೆ ಅದು ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, ಆವಾಗ ಈ ಮಕ್ಕಳನ್ನೆಲ್ಲ ಮನೆಯವರು ನೋಡೋಕೆ ಕರ್ಕೊಂಡು ಹೋಗಿದ್ರು. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಡ್ಯಾಮಿಗೆ 30 ಟಿಎಂಸಿ ಹಿಡಿದ್ರೆ ಸುಮಾರು 85,000 ಕೋಟಿ ಲೀಟರ್. 12,000 ಲೀಟರಿನ ಟ್ಯಾಂಕರಲ್ಲಿ ತುಂಬಿಸಿದ್ರೆ 7 ಕೋಟಿ ಟ್ಯಾಂಕರ್ ಬೇಕು. ಸೊನ್ನೆ ಎಣಿಸೋದರಲ್ಲಿ ಮೂರು ಸಲ ತಪ್ಪಿತು, ಎರಡು ಸಲ ನಮ್ಮದೇ.

ಪಾಠ ಹೇಳಿದವರು ಕಲೀತಾರೆ ಅನ್ನೋ ಮಾತು ಹಳೇದು, ಆದ್ರೆ ಅದು ಯಾವಾಗಲೂ ನಿಜ ಅಲ್ಲ ಅನ್ನೋದು ಇಲ್ಲಿ ಮುಖ್ಯ. ಅಮೆರಿಕದ ರಾಸ್ಕೋ ಮತ್ತು ಚಿ ಅನ್ನೋ ಸಂಶೋಧಕರು 2007ರಲ್ಲಿ, ವಿದ್ಯಾರ್ಥಿಗಳೇ ವಿದ್ಯಾರ್ಥಿಗಳಿಗೆ ಪಾಠ ಹೇಳೋದರ ಬಗ್ಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ್ರು. ಹೆಚ್ಚಿನ ಟ್ಯೂಟರ್‌ಗಳು ತಮಗೆ ಗೊತ್ತಿದ್ದನ್ನ ಒಪ್ಪಿಸಿಬಿಡ್ತಾರೆ, ಅದರಿಂದ ಅವರಿಗೆ ಸಿಗೋ ಲಾಭ ಸ್ವಲ್ಪ. ಹೇಳ್ತಾ ಹೇಳ್ತಾ ತಮ್ಮ ತಿಳುವಳಿಕೆಯನ್ನೇ ತಡವಿ ನೋಡಿ, ಬಿಟ್ಟುಹೋದ ಕೊಂಡಿ ಜೋಡಿಸೋರಿಗೆ ನಿಜವಾದ ಲಾಭ. ಹಾಗೆ ತಡವಿ ನೋಡೋ ಹಾಗೆ ಮಾಡೋದು ಬಹಳ ಸಲ ಎದುರಿಗಿರೋರ ಪ್ರಶ್ನೆ. ನಮ್ಮ ಮೊದಲ ಎರಡು ವಾರ ಪೂರ್ತಿ ಒಪ್ಪಿಸೋ ಕೆಲಸ. ಆ ಎರಡು ವಾರದಲ್ಲಿ ನಾವು ಕಲಿತದ್ದು ಡಸ್ಟರ್ ಹಿಡಿಯೋದು ಅಷ್ಟೇ.

ಸಣ್ಣ ಕಂಪನಿ ಆಗಿದ್ದು ಒಂದು ಲೆಕ್ಕದಲ್ಲಿ ಒಳ್ಳೇದಾಯ್ತು. ದೊಡ್ಡ ಕಡೆ ಸ್ಲೈಡು, ಸ್ಕ್ರಿಪ್ಟು, ಟಾರ್ಗೆಟ್ ಎಲ್ಲಾ ತಯಾರಿರುತ್ತೆ ಅಂತ ಸೀನಿಯರ್ಸ್ ಹೇಳ್ತಾರೆ. ಇಲ್ಲಿ ಏನೂ ಇರಲಿಲ್ಲ. ಪ್ರಶ್ನೆಪತ್ರಿಕೆ ನಾವೇ ಮಾಡಬೇಕು, ಜೆರಾಕ್ಸ್ ನಾವೇ ತರಬೇಕು, ಬೆಳಿಗ್ಗೆ ಬೇಗ ಬಂದವರು ಕಸ ಗುಡಿಸಬೇಕು. ಮನೆಗೆ ಫೋನ್ ಮಾಡಿ ಮಗು ಹೇಗೆ ಓದ್ತಿದೆ ಅಂತ ಹೇಳೋದೂ ನಮ್ಮ ಕೆಲಸವೇ. ಇಂಟರ್‌ವ್ಯೂ ಸ್ಕಿಲ್ಸ್ ಕ್ಲಾಸಲ್ಲಿ ಹೇಳಿಕೊಡದೇ ಇರೋದು ಇದು: ತೋಟದಲ್ಲಿ ಬಗ್ಗಿ ಕೆಲಸ ಮಾಡ್ತಿರೋ ತಾಯಿಗೆ ಫೋನಲ್ಲಿ, ಅವರ ಮಗನಿಗೆ ಭಿನ್ನರಾಶಿ ಬರಲ್ಲ ಅನ್ನೋದನ್ನ ಅವರಿಗೆ ಅವಮಾನ ಆಗದ ಹಾಗೆ ಎರಡು ನಿಮಿಷದಲ್ಲಿ ಹೇಳೋದು. ಮೊದಲ ಹತ್ತು ಕಾಲ್‌ಗಳಲ್ಲಿ ನಾವು "ಪರ್ಫಾರ್ಮೆನ್ಸ್ ಸ್ವಲ್ಪ ಇಂಪ್ರೂವ್ ಆಗ್ಬೇಕು ಮೇಡಂ" ಅಂತ ಹೇಳಿ ಇಟ್ಟುಬಿಡ್ತಿದ್ವಿ. ಅಕೌಂಟ್ಸ್ ಅಕ್ಕ ಕೇಳಿಸ್ಕೊಂಡು, "ಏನು ಬರಲ್ಲ, ನೀವು ಏನು ಮಾಡ್ತೀರಾ, ಅವರು ಏನು ಮಾಡ್ಬೇಕು, ಮೂರು ಹೇಳಿ ಇಡಿ" ಅಂದ್ರು. ಈಗ ನಮ್ಮ ಮಿನಿ ಪ್ರಾಜೆಕ್ಟ್ ಗ್ರೂಪಲ್ಲೂ ಅದನ್ನೇ ಮಾಡ್ತೀವಿ.

ಅಂದಹಾಗೆ ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸೋದು ನಮ್ಮ ಕಡೆಗೆ ಹೊಸದೇನಲ್ಲ. ಹಿಂದಿನ ಕಾಲದ ಕೂಲಿಮಠಗಳಲ್ಲಿ ಮರಳ ಮೇಲೆ ಅಕ್ಷರ ತಿದ್ದಿಸ್ತಿದ್ರು, ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡ್ತಿದ್ರು. ಇದೇ ಥರದ ಒಂದು ಶಾಲೆಯನ್ನ ಮದ್ರಾಸಲ್ಲಿ ನೋಡಿದ ಆಂಡ್ರ್ಯೂ ಬೆಲ್ ಅನ್ನೋ ಪಾದ್ರಿ ತನ್ನ ಅನಾಥಾಲಯದ ಶಾಲೆಯಲ್ಲಿ ಅದನ್ನ ಅಳವಡಿಸಿದ. 1797ರಲ್ಲಿ ಲಂಡನ್ನಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಅಲ್ಲಿಂದ 'ಮದ್ರಾಸ್ ಪದ್ಧತಿ' ಅಂತ ಇಂಗ್ಲೆಂಡಿನ ಶಾಲೆಗಳಿಗೆಲ್ಲ ಹಬ್ಬಿತು. ಮೇಷ್ಟ್ರ ಸಂಬಳ ಉಳಿಯುತ್ತೆ ಅನ್ನೋದು ಅದು ಹಬ್ಬೋಕೆ ಒಂದು ದೊಡ್ಡ ಕಾರಣ. ನಮ್ಮ ಮಾಲೀಕರು ಲೆಕ್ಚರರ್ ಬಿಟ್ಟು ನಮ್ಮನ್ನ ತಗೊಂಡಿದ್ದಕ್ಕೂ ಕಾರಣ ಅದೇ ಇರಬಹುದು, ಕೇಳಲಿಲ್ಲ.

ಮಾಲೀಕರು ಹೇಳಿಕೊಟ್ಟ ಒಂದು ವಿಷಯ ಮಾತ್ರ ಇಲ್ಲಿ ಬರೀಲೇಬೇಕು. ನಾವು ಪ್ರತಿ ಐದು ನಿಮಿಷಕ್ಕೆ "ಅರ್ಥ ಆಯ್ತಾ?" ಅಂತ ಕೇಳ್ತಿದ್ವಿ. ಕ್ಲಾಸೆಲ್ಲಾ ಒಟ್ಟಿಗೆ "ಆಯ್ತೂ ಸಾರ್." ಮೊದಲ ಟೆಸ್ಟಲ್ಲಿ ಹದಿನಾಲ್ಕರಲ್ಲಿ ಒಂಬತ್ತು ಮಕ್ಕಳು ಫೇಲು. ಪೇಪರ್ ನೋಡಿ ಅವರು ಹೇಳಿದ್ದು ಇಷ್ಟು: "ಅರ್ಥ ಆಯ್ತಾ ಅನ್ನೋದು ಪ್ರಶ್ನೆ ಅಲ್ಲ. ನೀವು ಲೆಕ್ಚರರ್‌ಗೆ ಇಲ್ಲ ಅಂತ ಯಾವತ್ತಾದ್ರೂ ಹೇಳಿದೀರಾ?" ಹೇಳಿಲ್ಲ. ಅಲ್ಲಿಂದ ಆ ಮಾತು ಬಿಟ್ಟು, ಒಬ್ಬರನ್ನ ಬೋರ್ಡಿಗೆ ಕರೆದು "ಪಕ್ಕದವಳಿಗೆ ಹೇಳಿಕೊಡು" ಅನ್ನೋಕೆ ಶುರು ಮಾಡಿದ್ವಿ. ನಿಧಾನ ಆಗುತ್ತೆ. ಒಂದು ಗಂಟೆಗೆ ನಾಲ್ಕು ಲೆಕ್ಕ ಮಾಡ್ತಿದ್ದ ಕಡೆ ಒಂದೂವರೆ ಆಗುತ್ತೆ. ಪೋಷಕರೊಬ್ಬರು ಪೋರ್ಷನ್ ಮುಗೀತಿಲ್ಲ ಅಂತ ದೂರಿದ್ರು, ಅದರಲ್ಲೂ ಅರ್ಥ ಇತ್ತು.

ಆದ್ರೆ ಒಬ್ಬಳಿಗೆ ಇದು ತಡ ಆಗಿತ್ತು. ಹಿಂದಿನ ವರ್ಷ ಗಣಿತ ಉಳಿಸ್ಕೊಂಡಿದ್ದ ಹುಡುಗಿ. 2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಶುರು ಮಾಡಿದ್ರಲ್ಲ, ಅದರಲ್ಲಿ ಮೂರನೆಯದಕ್ಕೆ ಓದ್ತಿದ್ದಳು. ಎಲ್ಲರಿಗಿಂತ ಜೋರಾಗಿ ತಲೆ ಆಡಿಸ್ತಿದ್ದವಳು, ನೋಟ್ಸ್ ಎಲ್ಲರಿಗಿಂತ ಚೆಂದ. ಅವಳಿಗೆ ಭಾಗಾಕಾರವೇ ಬರಲ್ಲ ಅಂತ ನಮಗೆ ಗೊತ್ತಾಗೋ ಹೊತ್ತಿಗೆ ಎಂಟು ದಿನ ಉಳಿದಿತ್ತು. ಸಮಾಂತರ ಶ್ರೇಢಿಯ ಸೂತ್ರ ಚಾಚೂ ತಪ್ಪದೆ ಬರೀತಾಳೆ, ಕೊನೇ ಸಾಲಲ್ಲಿ 96ನ್ನ 4ರಿಂದ ಭಾಗಿಸೋ ಹೊತ್ತಿಗೆ ಪೆನ್ ನಿಲ್ಲುತ್ತೆ. ಎಂಟು ದಿನ ಬರೀ ಭಾಗಾಕಾರ ಮಾಡಿಸಿದ್ವಿ. ಪಾಸ್ ಆಗಲಿಲ್ಲ. ಮೊದಲ ದಿನವೇ "ಅರ್ಥ ಆಯ್ತಾ" ಬದಲು ಬೋರ್ಡಿಗೆ ಕರೆದಿದ್ರೆ ಐದು ವಾರ ಸಿಗ್ತಿತ್ತು.

ಕಾಲೇಜಿಗೆ ವಾಪಸ್ ಬಂದ ಮೇಲೆ ನಮ್ಮಲ್ಲಿ ಏನು ಬದಲಾಗಿದೆ ಅಂತ ಕೇಳಿದ್ರೆ, ಮಾರ್ಕ್ಸ್ ಏನೂ ಆಕಾಶಕ್ಕೆ ಏರಿಲ್ಲ. ಓದೋ ರೀತಿ ಬದಲಾಗಿದೆ. ರೂಮಲ್ಲಿ ಒಂದು ಚಾಪ್ಟರ್ ಮುಗಿದ ಮೇಲೆ ಒಬ್ಬರು ಇನ್ನೊಬ್ಬರಿಗೆ ಪುಸ್ತಕ ಮುಚ್ಚಿ ಕನ್ನಡದಲ್ಲಿ ಹೇಳಬೇಕು ಅನ್ನೋ ನಿಯಮ ಮಾಡ್ಕೊಂಡಿದ್ದೀವಿ. ಕನ್ನಡದಲ್ಲೇ ಯಾಕೆ ಅಂದ್ರೆ ಇಂಗ್ಲಿಷಲ್ಲಿ ಪಿಪಿಟಿಯ ವಾಕ್ಯ ಹಾಗೇ ಬಂದುಬಿಡುತ್ತೆ, ಅರ್ಥ ಆಗದೇ ಇದ್ರೂ ಬರುತ್ತೆ. ಕನ್ನಡದಲ್ಲಿ ಹೇಳೋಕೆ ಒಳಗೆ ಏನಾದ್ರೂ ಇರಬೇಕು. ಸಿಗ್ನಲ್ಸ್‌ನ ಕನ್ವಲ್ಯೂಷನ್ ಅನ್ನ ಒಂದು ವಾರದಿಂದ ಪ್ರಯತ್ನ ಮಾಡ್ತಿದ್ದೀವಿ, ಇನ್ನೂ ಬಂದಿಲ್ಲ. ಕ್ಲಾಸಲ್ಲಿ "ಎನಿ ಡೌಟ್ಸ್?" ಅಂದಾಗ ಒಂದು ಸಲ ಕೈ ಎತ್ತಿದ್ವಿ. ಇಡೀ ಕ್ಲಾಸ್ ತಿರುಗಿ ನೋಡಿತು. ಪರವಾಗಿಲ್ಲ.

ಇನ್ನೂ ಎರಡು ವಾರಕ್ಕೊಂದು ಭಾನುವಾರ ಹೊಸದುರ್ಗಕ್ಕೆ ಹೋಗ್ತೀವಿ. ಮೋಟಾರ್ ಹುಡುಗ ಈಗ ಎರಡನೇ ಬೆಂಚಿಗೆ ಬಂದಿದ್ದಾನೆ. ಪಾಸ್ ಆಗದ ಹುಡುಗಿ ಸದ್ಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡ್ತಾಳೆ, ಮುಂದಿನ ವರ್ಷ ಮತ್ತೆ ಕಟ್ತಾಳಂತೆ. ಹೋದ ವಾರ ವಾಯ್ಸ್ ಮೆಸೇಜ್ ಕಳಿಸಿದ್ದಳು. ಅಂಗಡಿಯಲ್ಲಿ ಲೆಕ್ಕ ಹಾಕುವಾಗ 0ಯಿಂದ ಭಾಗಿಸಿದ್ರೆ ಕ್ಯಾಲ್ಕುಲೇಟರ್ ಎರರ್ ಅಂತ ಬರುತ್ತೆ, 0 ಅಂತ ಯಾಕೆ ಬರಲ್ಲ ಸಾರ್, ಅಂತ. "ಅದು ರೂಲ್" ಅಂತ ಒಬ್ಬರು ಟೈಪ್ ಮಾಡಿದ್ವಿ, ಇನ್ನೊಬ್ಬರು ಡಿಲೀಟ್ ಮಾಡಿದ್ವಿ. ಉತ್ತರ ಇನ್ನೂ ಕಳಿಸಿಲ್ಲ. ಈ ಭಾನುವಾರ ಅಂಗಡಿಗೇ ಹೋಗಿ ಹೇಳೋಣ ಅಂತ ಇದ್ದೀವಿ, ಹನ್ನೆರಡು ಬಳೆ ಇಟ್ಕೊಂಡು.